ಕೊರಗನ್ನು ಕ್ರಮವಾಗಿ ಇಳಿಸುವ ಬಗೆ: ‘ಹಾಗೆ ಮಾಡಬಾರದಿತ್ತು’ ಎಂಬಲ್ಲಿಂದ ಮುಂದಕ್ಕೆ

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಊರುಗಳಿಂದ ನನ್ನ ಬಳಿ ಮಾತನಾಡಲು ಬರುವವರಲ್ಲಿ ಹೆಚ್ಚಿನವರು ಕೊರಗನ್ನು ಬಿಡಲು ಆಗಲೇ ಹಲವು ಸಲ ಪ್ರಯತ್ನಿಸಿ ಸೋತವರು. ಆಪ್ತಸಮಾಲೋಚಕನಾಗಿ ಅವರ ಜೊತೆ ಕುಳಿತು ಒಂದೊಂದೇ ಪ್ರಯತ್ನವನ್ನು ಕೇಳುತ್ತಾ ಹೋದಾಗ, ಅವರು ಮಾಡಿದ ಕೆಲಸಗಳೆಲ್ಲ ಸರಿಯಾದವೇ, ಕ್ರಮ ಮಾತ್ರ ಹಿಂದುಮುಂದಾಗಿದೆ ಎಂಬುದು ನನಗೆ ಮತ್ತೆ ಮತ್ತೆ ಕಂಡಿದೆ. ತಮ್ಮ ತಪ್ಪು ಯಾವುದು, ಎಷ್ಟು ಎಂದು ತಿಳಿಯುವ ಮೊದಲೇ ಒಬ್ಬರು ಕ್ಷಮೆ ಕೇಳಲು ಹೋಗಿದ್ದರು. ಇನ್ನೊಬ್ಬರು ಎಲ್ಲವನ್ನೂ ಮರೆಯುವುದಾಗಿ ಮನೆದೇವರ ಮುಂದೆ ಆಣೆ ಮಾಡಿ ಬಂದು, ಅದೇ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತಿದ್ದರು. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂದು ಹಿರಿಯರು ಹೇಳುವ ಮಾತು ಸರಿಯೇ. ಆದರೆ ಮೊದಲ ದಿನವೇ ಅದನ್ನು ಪಾಲಿಸಹೊರಟವರಿಗೆ ಅದು ಇನ್ನೊಂದು ಸೋಲಾಗಿ ಉಳಿಯುತ್ತದೆ.

ಕೆಳಗಿನ ಎಂಟು ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಬೇಕು. ಒಟ್ಟು ಐದಾರು ವಾರ ಹಿಡಿಯಬಹುದು. ಮೂರನೆಯ ಮತ್ತು ನಾಲ್ಕನೆಯ ಹಂತಗಳಿಗೆ ಇನ್ನೂ ಹೆಚ್ಚು ದಿನ ಬೇಕಾದರೆ ಕೊಡಿ, ಅವಸರದಿಂದ ಐದಕ್ಕೆ ಹಾರಬೇಡಿ.

## ಆರಂಭಕ್ಕೆ ಮೊದಲು ನೋಡಿಕೊಳ್ಳಬೇಕಾದ ಅಪಾಯದ ಗುರುತುಗಳು

ಕೊರಗು ಎಲ್ಲರಿಗೂ ಬರುತ್ತದೆ. ಖಿನ್ನತೆ ಒಂದು ಕಾಯಿಲೆ, ಅದನ್ನು ಪುಸ್ತಕ ಮತ್ತು ಪೆನ್ನಿನಿಂದ ವಾಸಿ ಮಾಡಲು ಹೋಗಬಾರದು. ಎರಡು ವಾರಗಳಿಂದ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಪೂರ್ತಿ ಹೋಗಿದ್ದರೆ, ನಿದ್ದೆ ಮತ್ತು ಊಟ ಕೆಟ್ಟಿದ್ದರೆ, ಮರೆಯಲೆಂದೇ ದಿನವೂ ಕುಡಿಯುತ್ತಿದ್ದರೆ, ಮೊದಲು ವೈದ್ಯರನ್ನು ಕಾಣಬೇಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

‘ನಾನಿಲ್ಲದಿದ್ದರೆ ಮನೆಯವರು ನೆಮ್ಮದಿಯಾಗಿರುತ್ತಾರೆ’ ಎಂಬ ಯೋಚನೆ ಒಂದು ಸಲ ಬಂದಿದ್ದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ‘ಹೇಳಿಕೊಂಡರೆ ಪೊಲೀಸ್ ಕೇಸು ಆಗುತ್ತದೆ’ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಇಂಥ ಯೋಚನೆಯನ್ನು ಹೇಳಿಕೊಳ್ಳುವುದು ಅಪರಾಧವೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಪ್ರಾಣ ಕಳೆದುಕೊಳ್ಳುವ ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಮನೆಯವರು ಆ ದಿನವೇ ಮಾಡಬೇಕಾದ ಕೆಲಸವೊಂದಿದೆ: ತೋಟದ ಕೀಟನಾಶಕ, ಕಳೆನಾಶಕಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಬೇರೆಯವರಿಗೆ ಕೊಡಬೇಕು, ಕೋವಿ ಇದ್ದರೆ ಚುನಾವಣೆಯ ಹೊತ್ತಿನಲ್ಲಿ ಮಾಡುವಂತೆ ಠಾಣೆಯಲ್ಲಿ ಜಮಾ ಮಾಡಬೇಕು.

## ಬೇಕಾಗುವ ಸಾಮಗ್ರಿ

ಇನ್ನೂರು ಪುಟಗಳ ಒಂದು ಗೆರೆ ಪುಸ್ತಕ, ಪೆನ್ನು, ಗಡಿಯಾರ ಮತ್ತು ಒಬ್ಬ ಕೇಳುಗ. ಫೋನಿನಲ್ಲಿ ಬರೆಯಬೇಡಿ, ಬರೆದದ್ದನ್ನು ಆ ಕ್ಷಣದ ಆವೇಗದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಒಂದು ಕೊರಗಿಗೆ ಇನ್ನೊಂದನ್ನು ಸೇರಿಸಿಕೊಂಡವರನ್ನು ನಾನು ನೋಡಿದ್ದೇನೆ. ಕೇಳುಗರು ಆ ಘಟನೆಯಲ್ಲಿ ಭಾಗಿಯಾಗಿರಬಾರದು, ‘ಹೋಗಲಿ ಬಿಡು’ ಎಂದು ಮಾತು ಮುಗಿಸುವವರಾಗಿರಬಾರದು, ಕೇಳಿದ್ದನ್ನು ಸಂತೆಯಲ್ಲಿ ಹೇಳುವವರಂತೂ ಆಗಿರಲೇಬಾರದು. ಅಂಥವರು ಯಾರೂ ಸಿಗದಿದ್ದರೆ ಮೇಲೆ ಹೇಳಿದ ಸಹಾಯವಾಣಿಯವರೇ ಕೇಳುಗರಾಗಬಲ್ಲರು.

## ಹಂತ 1: ಕೊರಗಿಗೆ ಹೊತ್ತು ಗೊತ್ತು ಮಾಡುವುದು

ದಿನಕ್ಕೆ ಒಂದೇ ಸಲ, ಒಂದೇ ಜಾಗದಲ್ಲಿ, ಅರ್ಧ ಗಂಟೆ ಕೊರಗಿಗೆಂದೇ ಕುಳಿತುಕೊಳ್ಳಬೇಕು. ಸಂಜೆ ಐದೂವರೆಯಿಂದ ಆರರವರೆಗೆ ಜಗಲಿಯ ಮೇಲೆ ಎಂದಿಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಆ ಯೋಚನೆ ಬಂದಾಗ ಅದರೊಡನೆ ಜಗಳಕ್ಕೆ ಇಳಿಯದೆ, ಪುಸ್ತಕದಲ್ಲಿ ಒಂದೇ ಪದ ಗುರುತು ಹಾಕಿ, ‘ಐದೂವರೆಗೆ ನೋಡುತ್ತೇನೆ’ ಎಂದುಕೊಂಡು ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. 1983ರಲ್ಲಿ ಬೊರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಚಿಂತೆಯ ವಿಷಯದಲ್ಲಿ ಈ ವಿಧಾನವನ್ನು ಪರೀಕ್ಷಿಸಿದರು. ಬಳಿಕ ಅದು ಚಿಕಿತ್ಸೆಯ ಭಾಗವಾಗಿಯೇ ಬಳಕೆಗೆ ಬಂತು. ಮನಸ್ಸಿಗೆ ‘ಯೋಚಿಸಬೇಡ’ ಎಂದರೆ ಅದು ಕೇಳುವುದಿಲ್ಲ, ‘ಆಮೇಲೆ’ ಎಂದರೆ ಹೆಚ್ಚಾಗಿ ಕೇಳುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪು, ಮಲಗುವ ಹೊತ್ತನ್ನೋ ಹಾಸಿಗೆಯನ್ನೋ ಆರಿಸಿಕೊಳ್ಳುವುದು. ಹಾಸಿಗೆ ಕೊರಗಿನ ಜಾಗವೆಂದು ಮನಸ್ಸು ಕಲಿತುಬಿಟ್ಟರೆ ನಿದ್ದೆ ಇನ್ನಷ್ಟು ದೂರ ಸರಿಯುತ್ತದೆ. ಒಂದು ವಾರ ಹೀಗೆ ನಡೆಸಿ, ಹಗಲಿನ ಗುರುತುಗಳು ಸ್ವಲ್ಪವಾದರೂ ಕಡಿಮೆಯಾದ ಮೇಲೆ ಎರಡನೆಯ ಹಂತಕ್ಕೆ ಬನ್ನಿ.

## ಹಂತ 2: ನಡೆದದ್ದನ್ನು ಮಳೆ ಲೆಕ್ಕದಂತೆ ಬರೆಯುವುದು

ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕವಿರುತ್ತದೆ. ಬೆಳಿಗ್ಗೆ ಮಾಪಕ ನೋಡಿ, ತಾರೀಕು ಹಾಕಿ, ಎಷ್ಟು ಇಂಚು ಎಷ್ಟು ಸೆಂಟ್ ಬಿತ್ತೆಂದು ಬರೆಯುತ್ತಾರೆ. ಎಷ್ಟು ಬೀಳಬೇಕಿತ್ತು ಎಂದು ಅಲ್ಲಿ ಯಾರೂ ಬರೆಯುವುದಿಲ್ಲ. ನಿಮ್ಮ ಘಟನೆಯನ್ನೂ ಹಾಗೆಯೇ ಬರೆಯಬೇಕು: ಯಾವ ದಿನ, ಎಲ್ಲಿ, ಯಾರಿದ್ದರು, ಯಾರು ಯಾವ ಮಾತು ಆಡಿದರು, ನೀವು ಏನು ಮಾಡಿದಿರಿ, ಏನು ಮಾಡಲಿಲ್ಲ. ‘ಛೇ’, ‘ಅಯ್ಯೋ’, ‘ನನ್ನಂಥ ಪಾಪಿ’ ಎಂಬ ಪದಗಳು ಮೊದಲ ದಿನ ಬಂದೇ ಬರುತ್ತವೆ, ಬರಲಿ. ಎರಡನೆಯ ದಿನ ಅದೇ ಘಟನೆಯನ್ನು ಅವುಗಳಿಲ್ಲದೆ ಬರೆಯಿರಿ.

ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಸಾಕು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ, ನೋವಿನ ಅನುಭವಗಳನ್ನು ಬರೆಯುವ ಪ್ರಯೋಗದ ಅಳತೆಯೂ ಇದೇ. ಬರೆದ ಕೂಡಲೇ ಮನಸ್ಸು ಹಗುರವಾಗುತ್ತದೆಂದು ನಿರೀಕ್ಷಿಸಬೇಡಿ. ಆ ಗಂಟೆಗಳಲ್ಲಿ ಇನ್ನಷ್ಟು ಭಾರವಾಗುವುದೇ ಹೆಚ್ಚು. ಆದ್ದರಿಂದ ಬರೆದ ಮೇಲೆ ಕೈಕಾಲಿಗೆ ಕೆಲಸವಿರಲಿ, ದನಕ್ಕೆ ಹುಲ್ಲು ಹಾಕುವುದಾದರೂ ಸರಿ, ಪೇಟೆಯ ಕಡೆಗೆ ಒಂದು ಸುತ್ತು ನಡೆಯುವುದಾದರೂ ಸರಿ. ನಾಲ್ಕು ದಿನವಾದ ಮೇಲೂ ಭಾರ ಏರುತ್ತಲೇ ಹೋದರೆ ಬರೆಯುವುದನ್ನು ನಿಲ್ಲಿಸಿ ಕೇಳುಗರ ಜೊತೆ ಮಾತನಾಡಿ.

## ಹಂತ 3: ಅಂದು ಗೊತ್ತಿದ್ದದ್ದು, ಆಮೇಲೆ ಗೊತ್ತಾದದ್ದು

ಇಡೀ ಕೆಲಸದ ನಡುಗಂಬ ಇದು, ಹೆಚ್ಚು ಜನ ಬಿಟ್ಟು ಮುಂದೆ ಹೋಗುವುದೂ ಇದನ್ನೇ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ, ಆ ನಿರ್ಧಾರ ಮಾಡಿದ ದಿನ ನಿಮಗೆ ಗೊತ್ತಿದ್ದ ಸಂಗತಿಗಳು. ಬಲಗಡೆ, ಆ ದಿನದ ಬಳಿಕ ತಿಳಿದುಬಂದವು. ಪ್ರತಿ ಸಾಲಿಗೂ ‘ಇದು ನನಗೆ ಯಾವ ತಾರೀಕಿಗೆ ಗೊತ್ತಾಯಿತು?’ ಎಂದು ಕೇಳಿಕೊಳ್ಳಬೇಕು.

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು 2020ರಲ್ಲಿ ನಾಲ್ಕು ಎಕರೆ ಕಾಫಿ ತೋಟ ಮಾರಿದ್ದರು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗಿನಿಂದ ಅವರಿಗೆ ಊಟ ರುಚಿಸುತ್ತಿರಲಿಲ್ಲ. ‘ಬೆಲೆ ಬಂದೇ ಬರುತ್ತೆ ಅಂತ ನಂಗೆ ಗೊತ್ತಿತ್ತು ಸರ್, ಆದ್ರೂ ಮಾರಿಬಿಟ್ಟೆ’ ಎಂದು ಅವರು ಹೇಳುತ್ತಲೇ ಇದ್ದರು. ಗೆರೆ ಎಳೆದು ಬರೆಸಿದಾಗ ಎಡಗಡೆ ಬಂದದ್ದು ಇಷ್ಟು: 2018 ಮತ್ತು 2019ರ ಆಗಸ್ಟ್ ತಿಂಗಳ ಮಹಾಮಳೆಗೆ ಎರಡು ವರ್ಷವೂ ಕಾಯಿ ಉದುರಿ ನೆಲ ಸೇರಿದ್ದು, ಬ್ಯಾಂಕಿನ ನೋಟಿಸು, 2020ರ ಮಾರ್ಚ್‌ನ ಲಾಕ್‌ಡೌನ್, ಆಳುಗಳು ಸಿಗದಿದ್ದದ್ದು, ಮಗಳ ಓದಿನ ಖರ್ಚು. ಬಲಗಡೆ ಬಂದದ್ದು ವಿಯೆಟ್ನಾಮಿನ ಬರಗಾಲ ಮತ್ತು ಅದರಿಂದ ಏರಿದ ಬೆಲೆ. ವಿಯೆಟ್ನಾಮಿನಲ್ಲಿ ಮುಂದೆ ಮಳೆ ಕೈಕೊಡುವುದನ್ನು ಮೂಡಿಗೆರೆಯಲ್ಲಿ ಕುಳಿತು 2020ರಲ್ಲಿ ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಅವರು ಆ ಪುಟವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು.

‘ನನಗೆ ಗೊತ್ತಿತ್ತು’ ಎಂದಾಗ ಅವರು ಸುಳ್ಳು ಹೇಳುತ್ತಿರಲಿಲ್ಲ. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಕಾಣುತ್ತಿತ್ತೆಂದು ಅನಿಸುವುದು ಮನುಷ್ಯನ ನೆನಪಿನ ಸ್ವಭಾವ. ಬರೂಕ್ ಫಿಶ್‌ಹಾಫ್ 1975ರಲ್ಲಿ ಇದನ್ನು ತೋರಿಸಿದರು: 1814ರ ಬ್ರಿಟಿಷ್ ಮತ್ತು ಗೂರ್ಖಾ ಯುದ್ಧದ ವಿವರವನ್ನು ಓದಲು ಕೊಟ್ಟು, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಕೊನೆಯನ್ನು ತಿಳಿಸಿದಾಗ, ಪ್ರತಿ ಗುಂಪೂ ತನಗೆ ತಿಳಿಸಿದ ಕೊನೆಯನ್ನೇ ಹೆಚ್ಚು ಸಂಭವನೀಯವೆಂದು ಅಂದಾಜು ಮಾಡಿತು. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂದು ನಮ್ಮ ಗಾದೆ ಹೇಳುತ್ತದಷ್ಟೆ. ಕೊರಗುವವರು ಆ ಬುದ್ಧಿ ಕೆಡುವ ಮೊದಲೇ ತಮ್ಮಲ್ಲಿತ್ತೆಂದು ಲೆಕ್ಕ ಹಾಕಿ ತಮ್ಮನ್ನು ದಂಡಿಸಿಕೊಳ್ಳುತ್ತಾರೆ.

ಇದರ ಜೊತೆಗೇ ಹೋಗದಿದ್ದ ದಾರಿಯನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ‘ಮಾರದಿದ್ದರೆ ಇಂದು ಕೋಟಿ ಇರುತ್ತಿತ್ತು’ ಎಂಬ ದಾರಿಯಲ್ಲಿ ಬಡ್ಡಿ ಇಲ್ಲ, ಆನೆ ಇಲ್ಲ, ಕಾಂಡಕೊರಕ ಇಲ್ಲ, ನಾಲ್ಕು ವರ್ಷದ ಗೊಬ್ಬರದ ಖರ್ಚೂ ಇಲ್ಲ. ಕಲ್ಪನೆಯ ತೋಟಕ್ಕೆ ಕೀಟ ಬೀಳುವುದಿಲ್ಲವಾದ್ದರಿಂದ ಅವನ್ನೆಲ್ಲ ನೀವೇ ನೆನಪಿಸಿಕೊಂಡು ಸೇರಿಸಬೇಕು.

ಈ ಹಂತದಲ್ಲಿ ಆಗುವ ತಪ್ಪು ಎರಡು ಬಗೆಯದು. ಕೆಲವರು ಎಲ್ಲವನ್ನೂ ಎಡಗಡೆ ತುಂಬಿಸುತ್ತಾರೆ. ಇನ್ನು ಕೆಲವರು ಎಡಗಡೆಗೆ ಸೇರಬೇಕಾದ ನಿಜವಾದ ಒಂದು ಸಾಲನ್ನು, ಅಂದರೆ ‘ಹೆಂಡತಿ ಆ ದಿನವೇ ಬೇಡವೆಂದಿದ್ದಳು, ನಾನು ಕೇಳಲಿಲ್ಲ’ ಎಂಬಂಥದ್ದನ್ನು, ಬರೆಯದೆ ಬಿಡುತ್ತಾರೆ. ಎರಡನೆಯ ತಪ್ಪನ್ನು ಕೇಳುಗರು ಮಾತ್ರ ಹಿಡಿಯಬಲ್ಲರು. ಪುಟವನ್ನು ಅವರ ಮುಂದೆ ಓದಿ.

## ಹಂತ 4: ನಿಮ್ಮ ಪಾಲು ಎಷ್ಟಾಣೆ?

ಪೂರ್ತಿ ಹೊಣೆಯನ್ನು ಹದಿನಾರಾಣೆ ಎಂದು ಇಟ್ಟುಕೊಳ್ಳಿ. ಆ ಫಲಿತಾಂಶಕ್ಕೆ ಕಾರಣವಾದ ಉಳಿದವರನ್ನು, ಉಳಿದ ಸಂಗತಿಗಳನ್ನು ಮೊದಲು ಪಟ್ಟಿ ಮಾಡಿ ಅವಕ್ಕೆ ಆಣೆ ಹಂಚಿ, ನಿಮ್ಮ ಹೆಸರನ್ನು ಕೊನೆಯಲ್ಲಿ ಬರೆಯಿರಿ. ಕ್ರಮ ತಿರುವುಮುರುವಾದರೆ ಹದಿನಾರೂ ನಿಮ್ಮ ತಲೆಯ ಮೇಲೇ ಬಂದು ಕೂರುತ್ತವೆ.

ತಂದೆ ರಾತ್ರಿ ಎದೆ ಉರಿ ಎಂದಾಗ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿ ಮಲಗಿಸಿ, ಬೆಳಗಾಗುವುದರೊಳಗೆ ಅವರನ್ನು ಕಳೆದುಕೊಂಡ ಮಗನೊಬ್ಬ ಎರಡು ವರ್ಷ ಹದಿನಾರಾಣೆಯನ್ನೂ ಹೊತ್ತು ತಿರುಗಿದ್ದ. ಪಟ್ಟಿ ಮಾಡಿದಾಗ, ಹೃದಯದ ಕಾಯಿಲೆ, ನಲವತ್ತು ವರ್ಷದ ಬೀಡಿ, ನೋವನ್ನು ಮುಚ್ಚಿಡುವ ತಂದೆಯ ಅಭ್ಯಾಸ, ರಾತ್ರಿ ಹೊತ್ತು ಆಸ್ಪತ್ರೆಗಿದ್ದ ದೂರ, ನಿಜವಾಗಿಯೂ ಹಲವು ವರ್ಷಗಳಿಂದ ಇದ್ದ ಗ್ಯಾಸ್ಟ್ರಿಕ್, ಇಷ್ಟೂ ಬಂದವು. ಕೊನೆಗೆ ತನ್ನ ಹೆಸರಿನ ಮುಂದೆ ಅವನು ‘ಮೂರಾಣೆ: ಬೆವರುತ್ತಿದ್ದದ್ದನ್ನು ಕಂಡೂ ಬೆಳಿಗ್ಗೆ ನೋಡೋಣ ಅಂದೆ’ ಎಂದು ಬರೆದ. ಆ ಮೂರಾಣೆಯನ್ನು ಅಳಿಸಿಹಾಕಲು ನಾನು ಹೇಳಲಿಲ್ಲ, ಯಾರೂ ಹೇಳಬಾರದು. ‘ನಿನ್ನದೇನೂ ತಪ್ಪಿಲ್ಲ’ ಎಂದು ಎಲ್ಲರೂ ಹೇಳುತ್ತಿದ್ದದ್ದರಿಂದಲೇ ಅವನಿಗೆ ಎರಡು ವರ್ಷ ಯಾರ ಮಾತೂ ತಾಗಿರಲಿಲ್ಲ.

ಹೆಸರಿನ ಮುಂದೆ ಬರೆಯಬೇಕಾದದ್ದು ಒಂದು ಕೃತ್ಯವನ್ನು. ‘ನಾನೇ ಕೆಟ್ಟವನು’ ಎಂದು ಬರೆದಿದ್ದರೆ ಅದನ್ನು ಹೊಡೆದುಹಾಕಿ ‘ನಾನು ಇದನ್ನು ಮಾಡಿದೆ’ ಎಂದು ತಿದ್ದಿ. ಕೃತ್ಯಕ್ಕೆ ಮುಂದಿನ ಹಂತದಲ್ಲಿ ಪರಿಹಾರ ಹುಡುಕಬಹುದು. ‘ಕೆಟ್ಟವನು’ ಎಂಬುದಕ್ಕೆ ಮಾಡುವಂಥದ್ದೇನೂ ಇರುವುದಿಲ್ಲ, ಅಡಗಿ ಕೂರುವುದೊಂದೇ ಉಳಿಯುತ್ತದೆ. ಸೊನ್ನೆ ಆಣೆ ಬಂದರೆ ಅದು ಕೊರಗಲ್ಲ, ದುಃಖ. ಐದನೆಯ ಹಂತವನ್ನು ಬಿಟ್ಟು ಆರಕ್ಕೆ ಹೋಗಿ.

## ಹಂತ 5: ಕ್ಷಮೆ ಕೇಳುವುದು, ಸರಿಪಡಿಸುವುದು

ನಾಲ್ಕನೆಯ ಹಂತ ಮುಗಿಯದೆ ಇಲ್ಲಿಗೆ ಬಂದರೆ ಏನಾಗುತ್ತದೆಂದು ನನಗೆ ಸ್ವಂತ ಅನುಭವದಿಂದ ಗೊತ್ತು. ತಂಗಿಯ ಮದುವೆಯ ಖರ್ಚಿಗೆ ಕೈ ಜೋಡಿಸಲಿಲ್ಲವೆಂದು ವರ್ಷಗಟ್ಟಲೆ ಕೊರಗಿ, ಒಂದು ದಿನ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಅದಕ್ಕೆ ನಂಗೆ ಬೇಜಾರೇ ಇಲ್ಲ ಅಣ್ಣ, ಅವ್ವ ಹಾಸಿಗೆ ಹಿಡಿದಾಗ ಒಂದು ಫೋನ್ ಮಾಡ್ಲಿಲ್ಲ ನೀನು’ ಎಂದಳು. ನನ್ನ ಪುಟದಲ್ಲಿ ಆ ಸಾಲೇ ಇರಲಿಲ್ಲ.

ಕ್ಷಮೆಯ ಮಾತಿನಲ್ಲಿ ಇರಬೇಕಾದದ್ದು ಮೂರು: ಮಾಡಿದ ಕೃತ್ಯದ ಹೆಸರು, ಅದು ನನ್ನ ತಪ್ಪು ಎಂಬ ಒಪ್ಪಿಗೆ, ಸರಿಪಡಿಸಲು ಏನು ಮಾಡುತ್ತೇನೆ ಎಂಬುದು. ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಯಾಚನೆಯ ಆರು ಅಂಶಗಳನ್ನು ತೂಗಿ ನೋಡಿದಾಗ, ಹೊಣೆಯನ್ನು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯವೆಂದೂ ಸರಿಪಡಿಸುವ ಮಾತು ಅದರ ನಂತರದ್ದೆಂದೂ ‘ನನ್ನನ್ನು ಕ್ಷಮಿಸು’ ಎಂಬ ಬೇಡಿಕೆ ಎಲ್ಲಕ್ಕಿಂತ ಕಡಿಮೆ ತೂಕದ್ದೆಂದೂ ಕಂಡುಬಂತು. ನಮ್ಮವರು ಮಾಡುವುದು ಇದರ ವಿರುದ್ಧ. ಕಾಲಿಗೆ ಬಿದ್ದು ಕ್ಷಮಿಸೆಂದು ಬೇಡುತ್ತಾರೆ, ಏತಕ್ಕೆಂದು ಹೇಳುವುದಿಲ್ಲ.

ಪಾರಿಖತ್ತಿನ ಜಗಳದ ನಂತರ ಒಂಬತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನೊಬ್ಬ ಮೊದಲು ಬರೆದುಕೊಂಡು ಬಂದ ಮಾತು ಹೀಗಿತ್ತು: ‘ಅಣ್ಣಾ, ಏನೋ ಸಿಟ್ಟಲ್ಲಿ ಏನೋ ಆಯ್ತು, ನಿಂಗೆ ಬೇಜಾರಾಗಿದ್ರೆ ತಪ್ಪಾಯ್ತು, ಆದ್ರೆ ನೀನೂ ಹಾಗೆ ಮಾಡಬಾರದಿತ್ತು.’ ‘ಏನೋ’, ‘ಆಗಿದ್ರೆ’, ‘ಆದ್ರೆ’ ಎಂಬ ಮೂರನ್ನೂ ತೆಗೆದು ಅವನೇ ತಿದ್ದಿದ ಮೇಲೆ ಅದು ಹೀಗಾಯಿತು: ‘ಅಣ್ಣಾ, ಪಾಲಾದ ದಿನ ಅತ್ತಿಗೆ ಎದುರಿಗೆ ನಿನ್ನ ಕಳ್ಳ ಅಂದೆ. ಅದು ನನ್ನ ತಪ್ಪು. ಅವತ್ತು ಅಲ್ಲಿದ್ದೋರ ಹತ್ರ ನಾನೇ ಹೋಗಿ ಆ ಮಾತು ಸುಳ್ಳು ಅಂತ ಹೇಳ್ತೀನಿ.’ ಹೇಳಿ, ಕಾಫಿ ಕೊಟ್ಟರೆ ಕುಡಿದು, ಉತ್ತರಕ್ಕೆ ಕಾಯದೆ ಎದ್ದು ಬರಬೇಕು. ಎದುರಿನವರಿಗೆ ಒಂಬತ್ತು ವರ್ಷದ ನೋವಿದೆ, ಅದನ್ನು ಒಂದೇ ಮಧ್ಯಾಹ್ನದಲ್ಲಿ ಬಿಡಿ ಎಂದು ಕೇಳುವ ಹಕ್ಕು ನಮಗಿಲ್ಲ.

ಮದುವೆ ಮನೆ, ತಿಥಿ ಮನೆ, ಹಬ್ಬದ ಪಂಕ್ತಿಗಳನ್ನು ಇದಕ್ಕೆ ಆರಿಸಬೇಡಿ. ನೆಂಟರ ಎದುರು ಕೇಳುವ ಕ್ಷಮೆಯಲ್ಲಿ ಒತ್ತಾಯವಿರುತ್ತದೆ. ನ್ಯಾಯಾಲಯದಲ್ಲಿ ದಾವೆ ನಡೆಯುತ್ತಿದ್ದರೆ ಮೊದಲು ವಕೀಲರನ್ನು ಕೇಳಿ. ‘ನನ್ನ ಕಣ್ಣಿಗೆ ಬೀಳಬೇಡ’ ಎಂದವರ ಬಳಿಗೆ ಹೋಗಲೇಬೇಡಿ, ನಿಮ್ಮ ಹಗುರಕ್ಕಾಗಿ ಅವರ ಗಾಯವನ್ನು ಕೆದಕುವುದು ಎರಡನೆಯ ತಪ್ಪಾಗುತ್ತದೆ.

## ಹಂತ 6: ಕೇಳಲು ಆ ಮನುಷ್ಯರೇ ಇಲ್ಲದಿದ್ದರೆ

ತೀರಿಹೋದವರಿಗೆ ಪತ್ರ ಬರೆಯಿರಿ, ಅದನ್ನು ಗಟ್ಟಿಯಾಗಿ ಓದಿ. ಸಮಾಧಿಯ ಬಳಿ ಓದಿದವರಿದ್ದಾರೆ, ಹೇಮಾವತಿಯ ದಡದಲ್ಲಿ ಕುಳಿತು ಓದಿದವರಿದ್ದಾರೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿದವರೂ ಇದ್ದಾರೆ. ಮರುದಿನ ಅವರು ನಿಮಗೆ ಏನೆಂದು ಉತ್ತರ ಬರೆಯುತ್ತಿದ್ದರೋ ಅದನ್ನು ಅವರ ಧಾಟಿಯಲ್ಲೇ ಬರೆಯಿರಿ. ಬೈಯುತ್ತಿದ್ದರೆ ಬೈಗುಳವೂ ಇರಲಿ.

ಆಮೇಲೆ ಪ್ರಾಯಶ್ಚಿತ್ತದ ಪ್ರಶ್ನೆ. ಊಟ ಬಿಡುವುದು, ಹಬ್ಬ ಮಾಡದಿರುವುದು, ಒಳ್ಳೆಯ ಬಟ್ಟೆ ಉಡದಿರುವುದು, ಇವುಗಳಿಂದ ಯಾರಿಗೂ ಏನೂ ಸಿಗುವುದಿಲ್ಲವಾದ್ದರಿಂದ ಇವನ್ನು ನಾನು ಒಪ್ಪುವುದಿಲ್ಲ. ಮಾಡುವ ಕೆಲಸ ಇನ್ನೊಬ್ಬರಿಗೆ ತಲುಪಬೇಕು, ಅಳತೆ ಇರಬೇಕು, ಮುಗಿಯುವ ದಿನವಿರಬೇಕು. ಮೂರಾಣೆಯ ಮಗ ಒಂದು ವರ್ಷವೆಂದು ಗೊತ್ತು ಮಾಡಿಕೊಂಡು, ತನ್ನ ಊರಿನ ಮನೆಮನೆಗೂ ಹೋಗಿ, ಎದೆ ಬಿಗಿತದ ಜೊತೆ ಬೆವರು, ಉಸಿರುಕಟ್ಟುವಿಕೆ, ಎಡಗೈ ಅಥವಾ ದವಡೆಯ ನೋವು ಕಂಡರೆ ಸೋಡಾ ಕುಡಿಸುತ್ತಾ ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಬೇಕೆಂದು ಹೇಳಿ ಬಂದ. ತಂದೆಯ ವರ್ಷಾಬ್ದಿಕದ ದಿನ ಅದನ್ನು ಮುಗಿಸಿದ.

## ಹಂತ 7: ಮಾಡದೆ ಉಳಿದದ್ದರ ಕೊರಗು

ಮಾಡಿದ ತಪ್ಪು ಬೇಗ ಉರಿಯುತ್ತದೆ. ಮಾಡದೆ ಬಿಟ್ಟದ್ದು ವಯಸ್ಸಾದಂತೆ ಕಾಡುತ್ತದೆ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಗುರುತಿಸಿದ್ದೂ ಇದನ್ನೇ. ಓದದೆ ಉಳಿದದ್ದು, ಇಷ್ಟಪಟ್ಟವರಿಗೆ ಹೇಳದೆ ಉಳಿದದ್ದು ಈ ಬಗೆಯವು, ಇವುಗಳಲ್ಲಿ ಕ್ಷಮೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ಅದರಲ್ಲಿ ಇಂದಿಗೂ ಸಾಧ್ಯವಿರುವ ಭಾಗ ಯಾವುದೆಂದು ಬೇರ್ಪಡಿಸಿ. ಹದಿನೆಂಟಕ್ಕೆ ಮದುವೆಯಾಗಿ ಕಾಲೇಜು ಬಿಟ್ಟ, ಈಗ ಐವತ್ತೆರಡರ ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬರು ಮೇಷ್ಟ್ರಾಗುವ ಆಸೆಯನ್ನು ಕೆಲಸದ ರೂಪದಲ್ಲಿ ಬಿಟ್ಟುಕೊಡಬೇಕಾಯಿತು, ಅದಕ್ಕೆ ಅತ್ತರು ಕೂಡ. ಓದುವ ಮತ್ತು ಮಕ್ಕಳಿಗೆ ಹೇಳಿಕೊಡುವ ಭಾಗ ಉಳಿದಿತ್ತು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರವೇಶದ ವಿವರ ತರಿಸಿಕೊಂಡರು, ಪಕ್ಕದ ಮನೆಯ ಇಬ್ಬರು ಮಕ್ಕಳನ್ನು ಸಂಜೆ ಕೂರಿಸಿಕೊಂಡರು. ಮೊದಲ ಹೆಜ್ಜೆ ಒಂದು ವಾರದೊಳಗೆ, ಯಾರ ಅನುಮತಿಯೂ ಬೇಡದಷ್ಟು ಸಣ್ಣದಾಗಿರಲಿ. ಕೆಲಸ ಬಿಡುವುದು, ಊರು ಬಿಡುವುದು, ಜಮೀನು ಮಾರುವುದು ಮುಂತಾದ ದೊಡ್ಡ ನಿರ್ಧಾರಗಳನ್ನು ಈ ಆರು ವಾರಗಳಲ್ಲಿ ಮಾಡಬೇಡಿ.

## ಹಂತ 8: ಅದು ಮರಳಿ ಬರುವ ದಿನಗಳು

ಕೊರಗು ತಾರೀಕು ನೋಡಿಕೊಂಡು ಮರಳಿ ಬರುತ್ತದೆ. ಘಟನೆ ನಡೆದ ದಿನ, ಮಹಾಲಯ ಅಮಾವಾಸ್ಯೆ, ತವರಿಲ್ಲದವರಿಗೆ ಗೌರಿ ಹಬ್ಬ, ಇವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ಮಲೆನಾಡಿನವರಿಗೆ ಇನ್ನೊಂದು ಕಾಲ ಕಷ್ಟದ್ದು: ಕೊಯ್ಲಿನ ತಿಂಗಳುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ, ಜುಲೈ, ಆಗಸ್ಟ್‌ನಲ್ಲಿ ಮಳೆ ಹಿಡಿದು, ಕರೆಂಟು ಹೋಗಿ, ತೋಟದ ಕೆಲಸ ನಿಂತಾಗ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತದೆ. ಆ ವಾರಗಳಿಗೆ ಮೊದಲ ಹಂತದ ಅರ್ಧ ಗಂಟೆಯನ್ನು ಮತ್ತೆ ಆರಂಭಿಸಿ, ದಿನಕ್ಕೊಬ್ಬರ ಜೊತೆ ಮಾತನಾಡುವ ಏರ್ಪಾಡು ಮಾಡಿಕೊಳ್ಳಿ.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರಿಗೆ ಬರುವ ನೆಂಟರು ‘ಆ ತೋಟ ಇಟ್ಕೊಂಡಿದ್ರೆ ಈಗ ಎಷ್ಟಾಗ್ತಿತ್ತು’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಒಂದು ಸಾಲಿನ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. ಮೂಡಿಗೆರೆಯ ಬೆಳೆಗಾರರು ಈಗ ಹೇಳುವುದು, ‘ಅವತ್ತಿನ ಲೆಕ್ಕಕ್ಕೆ ಅದೇ ಸರಿ ಇತ್ತು, ಊಟಕ್ಕೆ ಏಳಿ.’

ಬರೆದ ಪುಸ್ತಕವನ್ನು ಸುಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಒಂದು ವರ್ಷವಾದರೂ ಸುಡಬೇಡಿ. ಕೊರಗು ಮರಳಿದ ದಿನ ಎರಡನೆಯ ಹಂತದ ಪುಟಗಳನ್ನು ತೆರೆಯದೆ, ಗೆರೆ ಎಳೆದ ಪುಟವನ್ನೂ ಆಣೆ ಹಂಚಿದ ಪುಟವನ್ನೂ ಮಾತ್ರ ಓದಿ, ಕೆಳಗೆ ಆ ದಿನದ ತಾರೀಕು ಹಾಕಿ ಮುಚ್ಚಿಡಿ. ವರ್ಷದ ಕೊನೆಯಲ್ಲಿ ಆ ತಾರೀಕುಗಳನ್ನು ಎಣಿಸಿ ನೋಡಿ. ನಡುವಿನ ಅಂತರ ಹೆಚ್ಚುತ್ತಿಲ್ಲವಾದರೆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ. ಅವರಿಗೆ ಹೇಳಬೇಕಾದದ್ದೆಲ್ಲ ಅದರಲ್ಲಿ ಇರುತ್ತದೆ.